ಬೋಂಡಾ ಎಣ್ಣೆ ವಿಮಾನ

ಪಾಣಿಪತ್‌ನಲ್ಲಿರುವ ಇಂಡಿಯನ್ ಆಯಿಲ್ ರಿಫೈನರಿ ಕರಿದು ಮಿಕ್ಕ ಎಣ್ಣೆಯಿಂದ ವಿಮಾನದ ಇಂಧನ ಮಾಡಲು ಹೊರಟಿದೆಯಲ್ಲ, ಆ ಸುದ್ದಿ ಓದಿದಾಗಿನಿಂದ ನಮ್ಮ ಬೀದಿಯ ಬೋಂಡಾ ಗಾಡಿಯನ್ನು ಬೇರೆ ಕಣ್ಣಿಂದಲೇ ನೋಡುತ್ತಿದ್ದೇನೆ. ಸರ್ಕಾರದ ಗುರಿ ಪ್ರಕಾರ 2027ಕ್ಕೆ ವಿದೇಶಕ್ಕೆ ಹಾರುವ ವಿಮಾನಗಳ ಇಂಧನದಲ್ಲಿ ನೂರಕ್ಕೆ 1 ಪಾಲು ಇಂಥ ಹಸಿರು ಇಂಧನ ಬೆರೆಯಬೇಕು. 2030ಕ್ಕೆ 5 ಪಾಲು. ಉಳಿದ 95 ಪಾಲಿನ ಬಣ್ಣ ಯಾವುದು ಅಂತ ಕೇಳಬೇಡಿ, ಶುಭಕಾರ್ಯದಲ್ಲಿ ಸೀನಬಾರದು.

ನನ್ನ ಚಿಂತೆ ಬೇರೆ. ಮಿಕ್ಕ ಎಣ್ಣೆ ಎಲ್ಲಿದೆ? ಗಾಡಿಯ ಬಾಣಲೆಯಲ್ಲಿ ಸೋಮವಾರ ಹೊಂಬಣ್ಣ, ಬುಧವಾರ ಡಿಕಾಕ್ಷನ್, ಶನಿವಾರ ಟಾರು. ತಳ ಕಾಣುವ ಮೊದಲೇ ಇನ್ನೊಂದು ಪ್ಯಾಕೆಟ್ ಬೀಳುತ್ತದೆ.

‘ಅಣ್ಣಾ, ಹಳೇ ಎಣ್ಣೆ ಏನ್ಮಾಡ್ತೀರಾ?’

‘ಹಳೇದು ಅಂತ ಉಳಿದ್ರೆ ತಾನೇ ಸಾರ್!’

ಅಂದರೆ ಎಣ್ಣೆ ನಮ್ಮ ಹೊಟ್ಟೆಯಲ್ಲಿದೆ. ಮನೆಯಲ್ಲಿ ವಿಚಾರಿಸೋಣ ಅಂದರೆ, ಹಪ್ಪಳ ಕರಿದ ಎಣ್ಣೆಯನ್ನು ಸೋಸಿ ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದಾರೆ, ನಾಳೆಯ ಒಗ್ಗರಣೆಗೆ. ‘ದೇಶಕ್ಕಾಗಿ ಕೊಡಮ್ಮ’ ಅಂದೆ. ಅಮ್ಮ ಜಾಲರಿ ಸೌಟು ಎತ್ತಿಕೊಂಡರು.

ಸುಮ್ನೆ ಹೇಳಬಾರದು, ವಿದ್ಯೆ ಸುಳ್ಳಲ್ಲ. 2023ರಲ್ಲಿ ಬಹುಪಾಲು ಹಳೇ ಎಣ್ಣೆ, ಪ್ರಾಣಿಕೊಬ್ಬು ನಂಬಿಕೊಂಡೇ ಲಂಡನ್‌ನಿಂದ ನ್ಯೂಯಾರ್ಕಿಗೆ ವಿಮಾನ ಹಾರಿಸಿದರು. ಅದಕ್ಕೂ ಮುಂಚೆ, 2018ರಲ್ಲಿ, ನಮ್ಮವರೇ ಡೆಹ್ರಾಡೂನ್‌ನಿಂದ ದೆಹಲಿಗೆ ಜಟ್ರೋಫಾ ಗಿಡದ ಬೀಜದ ಎಣ್ಣೆ ಬೆರೆಸಿ ಹಾರಿಸಿದ್ದರು. ಚಪ್ಪಾಳೆ, ಫೋಟೋ, ಮುಗೀತು. ಕರ್ನಾಟಕದಲ್ಲೂ ಹೊಂಗೆ ಗಿಡ ನೆಡಿಸುವ ಜೈವಿಕ ಇಂಧನ ಯೋಜನೆಗೆ ‘ಬರಡು ಬಂಗಾರ’ ಅಂತ ಹೆಸರಿಟ್ಟಿದ್ದರು. ನಾಮಕರಣದಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಏರ್‌ಬಸ್‌ನವರ ಹೈಡ್ರೋಜನ್ ವಿಮಾನ 2035ಕ್ಕೆ ಬರಬೇಕಿತ್ತು. 2025ರಲ್ಲಿ, ಇನ್ನೂ ತಡ ಅಂದರು. ಕಾದಿದ್ದೇವೆ, ಇನ್ನಷ್ಟು ಕಾಯೋಣ ಬಿಡಿ.

ಆದರೆ 2024ರಲ್ಲಿ ಇಡೀ ಜಗತ್ತಿನ ವಿಮಾನಗಳು ಕುಡಿದ ಇಂಧನದಲ್ಲಿ ಹಸಿರಿನದ್ದು ನೂರಕ್ಕೆ 0.3 ಪಾಲು ಮಾತ್ರ. ಅದರ ಹಿಂದಿನ ವರ್ಷವೇ ಇಂಡಿಗೊ ಒಂದೇ ಏಟಿಗೆ 500 ವಿಮಾನಕ್ಕೆ ಆರ್ಡರ್ ಕೊಟ್ಟಿತ್ತು. ಇಷ್ಟಕ್ಕೆಲ್ಲಾ ಕರಿದ ಎಣ್ಣೆ ಹೊಂದಿಸಬೇಕಾದರೆ ದೇಶವೇ ಕೂತು ಮೂರು ಹೊತ್ತೂ ಮೆಣಸಿನಕಾಯಿ ಬಜ್ಜಿ ತಿನ್ನಬೇಕು. ಹಾರಾಟ ಸ್ವಲ್ಪ ಕಮ್ಮಿ ಮಾಡೋಣ ಅಂತ ಒಬ್ಬರಾದರೂ ಬಾಯಿಬಿಟ್ಟರಾ? ಬೆಂಗಳೂರಿಂದ ಮೈಸೂರಿಗೆ ವಿಮಾನ ಬಿಟ್ಟ ಜನ ನಾವು! ದೇವನಹಳ್ಳಿ ತಲುಪುವಷ್ಟರಲ್ಲಿ ಬಸ್ಸು ಮದ್ದೂರು ದಾಟಿರುತ್ತದೆ. ಮದ್ದೂರಲ್ಲಿ ವಡೆಯಾದರೂ ಸಿಗುತ್ತದೆ.

ದೀಪಾವಳಿಗೆ ಹುಬ್ಬಳ್ಳಿಗೆ ಹೋಗಬೇಕು. ರೈಲಿನ ಟಿಕೆಟ್ ಈಗಲೇ ವೇಟಿಂಗ್ ಲಿಸ್ಟ್.