ಫ್ರಿಜ್ ಬಾಗಿಲಿನ ಅರೆಖಾಲಿ ಬಾಟಲಿಗಳು ಮತ್ತು ಸ್ಲೋ ಕುಕರ್

ಅಮೆರಿಕದಲ್ಲಿ ಸಂಸಾರ ಹೂಡಿರುವ ನಮ್ಮವರು ಯಾರ ಮನೆಯ ಫ್ರಿಜ್ ಬಾಗಿಲು ತೆಗೆದರೂ ಹೆಚ್ಚುಕಡಿಮೆ ಒಂದೇ ನೋಟ. ತಳ ಕಂಡ ಕೆಚಪ್, ಮಕ್ಕಳು ತಿಂದು ಬಿಟ್ಟ ದ್ರಾಕ್ಷಿ ಜೆಲ್ಲಿ, ಸೋಯಾ ಸಾಸ್, ಸಾಸಿವೆ ಸಾಸ್, ಥ್ಯಾಂಕ್ಸ್‌ಗಿವಿಂಗ್‌ಗೆ ತಂದು ಉಳಿದ ಕ್ರ್ಯಾನ್‌ಬೆರಿ ಸಾಸ್, ಹೋಳು ಮುಗಿದು ಬರೀ ಮಸಾಲೆ ಉಳಿದ ಮಾವಿನಕಾಯಿ ಉಪ್ಪಿನಕಾಯಿ. ಇವನ್ನೆಲ್ಲ ಒಂದು ಭಾನುವಾರ ಕಸಕ್ಕೆ ಹಾಕುತ್ತೇವೆ. ಆಮೇಲೆ ಅಂಗಡಿಗೆ ಹೋಗಿ ಗ್ಲೇಜ್ ಅಂತ, ಅಂದರೆ ಮಾಂಸ ಮಿನುಗುವಂತೆ ಮೇಲೆ ಹಚ್ಚುವ ಮಂದ ಸಾಸ್ ಅಂತ, ಹೊಸ ಬಾಟಲಿ ಕೊಳ್ಳುತ್ತೇವೆ. ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಹೊಸ ಬಾಟಲಿಯ ಹಿಂದಿನ ಪಟ್ಟಿ ಓದಿ ನೋಡಿ. ಸಕ್ಕರೆ, ವಿನೆಗರ್, ಉಪ್ಪು, ಟೊಮೆಟೊ ಇಲ್ಲವೇ ಸೋಯಾ, ಒಂದಿಷ್ಟು ಖಾರ. ಎಲ್ಲವನ್ನೂ ಈಗಷ್ಟೇ ಎಸೆದು ಬಂದಿದ್ದೇವೆ, ಅಲ್ವಾ?

ಸ್ಲೋ ಕುಕರ್, ಅಂದರೆ ಕಡಿಮೆ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ, ಇರುವವರಿಗಂತೂ ಈ ಖರ್ಚು ಬೇಕೇ ಇಲ್ಲ. ಆದರೆ ಒಂದು ವಿಷಯ ತಿಳಿದಿರಬೇಕು. ಸ್ಲೋ ಕುಕರ್ ಮಾಂಸ ಬೇಯಿಸುತ್ತದೆ, ಗ್ಲೇಜ್ ಮಾಡುವುದಿಲ್ಲ. ಸಾಸನ್ನೆಲ್ಲ ಬೆಳಿಗ್ಗೆಯೇ ಮಾಂಸದ ಮೇಲೆ ಸುರಿದು ಆಫೀಸಿಗೆ ಹೋದರೆ ಸಂಜೆ ಸಿಗುವುದು ಸಿಹಿ ಸಾರು. ಮುಚ್ಚಳ ಮುಚ್ಚಿರುವುದರಿಂದ ನೀರು ಆವಿಯಾಗಿ ಹೋಗುವುದು ತೀರಾ ಕಮ್ಮಿ. ಮಾಂಸ ಬಿಟ್ಟ ನೀರೂ ಅದಕ್ಕೆ ಸೇರುತ್ತದೆ. ಒಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಮಾಂಸದ ಮೇಲ್ಮೈ ಚೆನ್ನಾಗಿ ಕೆಂಪಾಗಿ ಹುರಿದ ರುಚಿ ಬರಬೇಕಾದರೆ 140 ಡಿಗ್ರಿಯ ಆಸುಪಾಸು ಬೇಕು.

ಈ ಪಾತ್ರೆ ಹುಟ್ಟಿದ್ದೇ ತೇವ ಹಿಡಿದಿಡಲು. ಶಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬುವರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಲಿಥುವೇನಿಯಾದ ಯಹೂದಿ ಮನೆಗಳಲ್ಲಿ ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಬೆಂಕಿ ಹೊತ್ತಿಸುವಂತಿರಲಿಲ್ಲ. ಹಾಗಾಗಿ ಚೋಲೆಂಟ್ ಎಂಬ ಕಾಳು-ಮಾಂಸದ ಅಡುಗೆಯನ್ನು ಶುಕ್ರವಾರ ಸಂಜೆಯೇ ಬೇಕರಿಯ ಒಲೆಯ ಉಳಿದ ಕಾವಿನಲ್ಲಿ ಇಟ್ಟು ಬರುತ್ತಿದ್ದರು. ತಾಯಿ ಹೇಳಿದ ಆ ಕಥೆಯಿಂದ ನ್ಯಾಕ್ಸನ್‌ಗೆ ಈ ಯೋಚನೆ ಬಂತು. ಅವರ ಪಾತ್ರೆಯ ಹೆಸರೇ ಬೀನರಿ. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡು ಮರುವರ್ಷ ಕ್ರಾಕ್-ಪಾಟ್ ಎಂದು ಮಾರುಕಟ್ಟೆಗೆ ತಂದಿತು. ಕಾಳು ಬೇಯಿಸಲು ಮಾಡಿದ ಪಾತ್ರೆಯಿಂದ ಮಾಂಸಕ್ಕೆ ಮಿಂಚು ಬರಲಿ ಎಂದರೆ ಹೇಗೆ?

ನಾನು ಮಾಡುವುದು ಹೀಗೆ. ಒಂದು ಕೆಜಿ ಹಂದಿಯ ಭುಜದ ಮಾಂಸಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಅರ್ಧ ಕಪ್ ನೀರು. ಉಪ್ಪು ಎಂದಿನದರ ಅರ್ಧ ಮಾತ್ರ. ಲೋ ಸೆಟ್ಟಿಂಗ್‌ನಲ್ಲಿ ಎಂಟು ಗಂಟೆ. ಫ್ರೀಜರ್‌ನಿಂದ ತೆಗೆದ ಗಟ್ಟಿ ಮಾಂಸವನ್ನು ನೇರವಾಗಿ ಹಾಕಬೇಡಿ, ಬಿಸಿಯೇರುವುದು ತಡವಾಗಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೆಂದ ಮೇಲೆ ಮಾಂಸವನ್ನು ಜೋಪಾನವಾಗಿ ತಟ್ಟೆಗೆ ಎತ್ತಿಟ್ಟು, ಉಳಿದ ರಸದ ಮೇಲಿನ ಕೊಬ್ಬು ತೆಗೆದು, ಒಂದು ಕಪ್ ರಸವನ್ನು ಅಗಲ ಬಾಣಲೆಗೆ ಹಾಕುತ್ತೇನೆ. ಆಮೇಲೆ ಬಾಟಲಿಗಳ ಸರದಿ. ಎರಡು ಪಾಲು ಸಿಹಿ, ಒಂದು ಪಾಲು ಹುಳಿ, ಒಂದು ಪಾಲು ಉಪ್ಪಿನದು, ಖಾರ ನಿಮ್ಮಿಷ್ಟ. ತಳಕ್ಕೆ ಅಂಟಿದ್ದನ್ನು ಬಿಡಬೇಡಿ, ಬಿಸಿ ರಸವನ್ನೇ ಒಂದು ಚಮಚ ಬಾಟಲಿಗೆ ಹಾಕಿ ಕುಲುಕಿ ಸುರಿದುಬಿಡಿ. ದೊಡ್ಡ ಉರಿಯಲ್ಲಿ ಕುದಿಸಿ. ಚಮಚದ ಬೆನ್ನಿಗೆ ಅಂಟಿ ನಿಂತರೆ ಹದ ಬಂತು ಅಂತ. ಮಾಂಸಕ್ಕೆ ಬಳಿದು ಓವನ್‌ನಲ್ಲಿ ಮೇಲಿನಿಂದ ಕಾವು ಕೊಡುವ ಬ್ರಾಯ್ಲರ್ ಕೆಳಗೆ ಮೂರ್ನಾಲ್ಕು ನಿಮಿಷ ಇಡಿ. ಅಲ್ಲಿಂದ ಕದಲಬೇಡಿ, ಸಕ್ಕರೆ ಕ್ಷಣದಲ್ಲಿ ಸೀಯುತ್ತದೆ.

ಆ ರಸವನ್ನು ಚೆಲ್ಲಬಾರದು ಅನ್ನುವುದಕ್ಕೆ ಕಾರಣವಿದೆ. ಭುಜ, ತೊಡೆ, ಮೂಳೆಯ ಸುತ್ತಲಿನ ಮಾಂಸದಲ್ಲಿರುವ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನ್ ನಿಧಾನವಾಗಿ ಕರಗಿ ಅಂಟಂಟಾದ ಜೆಲಟಿನ್ ಆಗಿರುತ್ತದೆ. ತುಟಿಗೆ ಅಂಟುವ ಆ ಗುಣ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ. ಚರ್ಮ ಸುಲಿದ ಕೋಳಿ ಎದೆ ಮಾಂಸಕ್ಕೆ ಈ ಕ್ರಮ ಬೇಡವೇ ಬೇಡ. ಅದರಲ್ಲಿ ಕರಗುವುದೇನೂ ಇಲ್ಲ, ನಾರಾಗುತ್ತದೆ ಅಷ್ಟೆ. ಕೋಳಿ ತೊಡೆಯಾದರೆ ನಾಲ್ಕೈದು ಗಂಟೆ ಸಾಕು.

ದ್ರಾಕ್ಷಿ ಜೆಲ್ಲಿ ಕಂಡರೆ ಮೂಗು ಮುರಿಯುವವರಿದ್ದಾರೆ. ಅಮೆರಿಕದವರು ಜೆಲ್ಲಿಗೆ ಚಿಲ್ಲಿ ಸಾಸ್ ಬೆರೆಸಿ ಮೀಟ್‌ಬಾಲ್‌ಗಳನ್ನು ಪಾರ್ಟಿಗಳಿಗೆ ಎಷ್ಟೋ ದಶಕಗಳಿಂದ ಮಾಡುತ್ತಿದ್ದಾರೆ. (ಅವರ ಆ ಚಿಲ್ಲಿ ಸಾಸ್‌ನಲ್ಲಿ ಖಾರ ಕಮ್ಮಿ, ಕೆಚಪ್‌ನ ಹತ್ತಿರದ ನೆಂಟ.) ಜೆಲ್ಲಿಯಲ್ಲಿ ಸಕ್ಕರೆಯ ಜೊತೆ ಪೆಕ್ಟಿನ್ ಎಂಬ ಹಣ್ಣಿನ ಅಂಟು ಇದೆ, ಸಾಸ್ ತಾನಾಗಿ ಮಂದವಾಗುತ್ತದೆ. ಜೆಲ್ಲಿ, ಸಾಸಿವೆ ಸಾಸ್, ಉಪ್ಪಿನಕಾಯಿ ಮಸಾಲೆ, ಈ ಮೂರೂ ಸೇರಿದರೆ ಏನಾಗುತ್ತದೆ ಅಂತ ಒಮ್ಮೆ ನೋಡಿ. ಉಪ್ಪನ್ನು ಮಾತ್ರ ಕೊನೆಗೆ ನೋಡಿಕೊಳ್ಳಿ. ಸೋಯಾ, ಕೆಚಪ್, ಉಪ್ಪಿನಕಾಯಿ ಎಲ್ಲದರಲ್ಲೂ ಉಪ್ಪಿದೆ, ಬತ್ತಿದಷ್ಟೂ ಜಾಸ್ತಿಯಾಗುತ್ತದೆ. ಬೂಷ್ಟು ಕಂಡ ಜಾಮ್ ಬಾಟಲಿಯನ್ನು ಮೇಲೆ ಕೆರೆದು ಉಳಿಸಿಕೊಳ್ಳಬೇಡಿ, ಪೂರ್ತಿ ಎಸೆಯಿರಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಗ್ಲೇಜ್ ನಮ್ಮ ಪುಳಿಯೋಗರೆ ಗೊಜ್ಜು. ಹುಣಸೆ, ಬೆಲ್ಲ, ಉಪ್ಪು, ಮೆಣಸಿನಕಾಯಿ, ಎಣ್ಣೆ ಎಲ್ಲ ಮೊದಲೇ ಕುದಿದು ಗಟ್ಟಿಯಾಗಿವೆ. ಎರಡು ಚಮಚ ಗೊಜ್ಜು ಮಟನ್ ತೊಡೆಯ ರಸಕ್ಕೆ ಸೇರಿದರೆ ಬೇರೇನೂ ಬೇಡ. ದೇವಸ್ಥಾನದ ಪ್ರಸಾದದ ರುಚಿಯನ್ನು ಮಾಂಸಕ್ಕೆ ತರಲು ಮನಸ್ಸೊಪ್ಪದವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಅವರಿಗೆ ಕೊಡಗಿನ ಕಾಚಂಪುಳಿ ಇದೆ. ಪಂದಿ ಕರಿಗೆ ಕೊನೆಯಲ್ಲಿ ಹಾಕುವ ಆ ಕಪ್ಪು ಹುಳಿಯನ್ನು ಊರಿಂದ ತಂದು, ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟುಕೊಂಡವರು ಇಲ್ಲಿ ಎಷ್ಟೋ ಜನ. ಒಂದು ಚಮಚ ಕಾಚಂಪುಳಿ, ಎರಡು ಚಮಚ ಬೆಲ್ಲ, ಕುಟ್ಟಿದ ಕಾಳುಮೆಣಸು. ಹಂದಿ ಮಾಂಸಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ.

ಮಲೆನಾಡಿನವರಿಗೆ ಒಂದು ಪ್ರಶ್ನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಉಳಿದ ರಸವನ್ನು ಯಾರಾದರೂ ಹೀಗೆ ಬತ್ತಿಸಿ ಮಾಂಸಕ್ಕೆ ಬಳಿದಿದ್ದೀರಾ? ಕುದಿಸಿದ ಮೇಲೂ ಮಿಡಿಯ ಘಮ ಉಳಿಯುತ್ತದೆಯೇ, ಅಥವಾ ಒಲೆ ಆರಿಸಿದ ಮೇಲೆ ಸೇರಿಸಬೇಕೇ? ತಿಳಿದವರು ದಯವಿಟ್ಟು ಬರೆಯಿರಿ. ನಮ್ಮ ಮನೆಯ ಜಾಡಿಯಲ್ಲಿ ಈಗ ಮಿಡಿಗಳು ಮುಗಿದು ರಸ ಮಾತ್ರ ಇದೆ.