ಎರಡು ಗುಣಾಕಾರ (X) ಹಾಕಿದ್ರೆ ಎರಡೂ ವೇಸ್ಟ್

ಸ್ಕಾಟ್ಲೆಂಡ್‌ನ ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಚುನಾವಣೆ ಎಣಿಕೇಲಿ ಕಂಡ ಆ ಮತಪತ್ರ ಕಣ್ಣಿಂದ ಹೋಗ್ತಾನೇ ಇಲ್ಲ. ಇಲ್ಲಿ ಇಷ್ಟದ ಕ್ರಮದಲ್ಲಿ 1, 2, 3 ಅಂತ ಬರೀಬೇಕು, 1 ಅಂದ್ರೆ ಮೊದಲ ಪ್ರಾಶಸ್ತ್ಯ. ಇದ್ರಲ್ಲಿ ಒಂದೇ ಪಕ್ಷದ ಇಬ್ಬರು ಅಭ್ಯರ್ಥಿಗಳು, ಇಬ್ಬರ ಮುಂದೂ ಒತ್ತಿ ಒತ್ತಿ ಬರೆದ ಗುಣಾಕಾರ. ಸ್ಕ್ಯಾನರ್ ಅನುಮಾನ ಅಂತ ಪಕ್ಕಕ್ಕೆ ತಳ್ತು, ಪರದೆ ಮೇಲೆ ಬಂತು, ಏಜೆಂಟರೆಲ್ಲ ಕತ್ತು ಚಾಚಿದ್ರು. ಅಧಿಕಾರಿ ಎರಡು ಸೆಕೆಂಡ್ ನೋಡಿ 'ತಿರಸ್ಕೃತ' ಅಂದ್ರು. ಎದುರು ಪಕ್ಷದವನು ಕೆಮ್ಮೋ ಥರ ನಕ್ಕ. ನಗಲಿ ಬಿಡಿ. ಮೊದಲ ಪ್ರಾಶಸ್ತ್ಯ ಯಾರಿಗೆ ಅಂತಾನೇ ತಿಳಿಯದ ಮತಾನ ಯಾರ ಕಟ್ಟಿಗೆ ಸೇರಿಸ್ತಾರೆ? ನಿಯಮ ಸರಿಯಾಗೇ ಇದೆ. ಉರಿಯೋದೇ ಅದಕ್ಕೆ.

ಸ್ಕಾಟ್ಲೆಂಡ್ ಕೌನ್ಸಿಲ್‌ಗಳಿಗೆ ಈ 1, 2, 3 ಪದ್ಧತಿ ಬಂದಿದ್ದು 2007ರಲ್ಲಿ. ಅವತ್ತು ಸ್ಕಾಟಿಷ್ ಪಾರ್ಲಿಮೆಂಟ್ ಚುನಾವಣೆನೂ ಅದೇ ದಿನ. ಅದಕ್ಕೆ ಗುಣಾಕಾರ, ಇದಕ್ಕೆ 1, 2, 3. ಗೊಂದಲ ಆಗದೆ ಇನ್ನೇನಾಗುತ್ತೆ? 2012ರಿಂದ ದಿನ ಬೇರೆ ಆಯ್ತು, ಆ ನೆಪನೂ ಹೋಯ್ತು. ಆದ್ರೂ ಕರಪತ್ರದಲ್ಲಿ 'ನಮ್ಮ ಇಬ್ಬರಿಗೂ ಮತ ಹಾಕಿ' ಅಂತ ಅಚ್ಚು ಹಾಕಿಸೋ ಮಹಾನುಭಾವರು ಯಾರ್ರೀ? ಪಾಪ, ಜನ ಹೇಳಿದ್ದನ್ನೇ ಮಾಡಿದ್ದಾರೆ!

ಇನ್ನು ಅಕ್ಷರಮಾಲೆ. ಮತಪತ್ರದಲ್ಲಿ ಹೆಸರು ಬರೋದು ಉಪನಾಮದ ಅಕ್ಷರ ಕ್ರಮದಲ್ಲಿ. ಮೇಲಿದ್ದವರಿಗೆ 1, ಕೆಳಗಿನವರಿಗೆ 2. ಉಪನಾಮ ವೈ ಅಂತ ಶುರುವಾದ್ರೆ ಅಪ್ಪನ ಮೇಲೆ ದಾವೆ ಹೂಡ್ಬೇಕು ಅಷ್ಟೇ.

ಲೆಕ್ಕ ನೋಡಿ. ನಾಲ್ಕು ಸ್ಥಾನ, 6000 ಸಿಂಧು ಮತ ಅಂತಿಟ್ಕೊಳ್ಳಿ. 6000ನ 5ರಿಂದ (ಸ್ಥಾನಕ್ಕಿಂತ ಒಂದು ಜಾಸ್ತಿ) ಭಾಗಿಸಿ 1 ಕೂಡಿದ್ರೆ ಕೋಟಾ, ಅಂದ್ರೆ ಗೆಲ್ಲೋಕೆ ಮುಟ್ಟಬೇಕಾದ ಮತ, 1201. ಮೇಲಿನವರಿಗೆ 1601 ಬಿತ್ತು, ಹೆಚ್ಚುವರಿ 400. ಆ ಹೆಚ್ಚುವರೀನ 2 ಅಂತ ಬರೆದವರಿಗೆ ವರ್ಗಾಯಿಸೋಕೆ ಅವರ 1601 ಪತ್ರಗಳನ್ನೂ ನೋಡ್ತಾರೆ, ಆದ್ರೆ ಒಂದೊಂದರ ಬೆಲೆ 400 ಭಾಗ 1601, ಅಂದ್ರೆ 0.24984 ಮಾತ್ರ. 1100 ಜನ ಅದೇ ಪಕ್ಷದ ಜೊತೆಗಾರನಿಗೆ 2 ಬರೆದಿದ್ರೂ ಅವನಿಗೆ ದಕ್ಕೋದು 275 ಕೂಡ ಇಲ್ಲ. 1 ಬರೆದು ಪೆನ್ಸಿಲ್ ಇಟ್ಟವರ ಪಾಲು ಯಾರಿಗೂ ಇಲ್ಲ. ಅವನು 700ರಿಂದ ಹೊರಟಿದ್ರೆ ಸಾವಿರವೂ ದಾಟಲ್ಲ, ಮುಂದಿನ ಸುತ್ತುಗಳಲ್ಲಿ ಔಟ್. ಅದೇ 2301 ಮತ ಇಬ್ಬರಿಗೂ ಹೆಚ್ಚುಕಮ್ಮಿ ಸಮ ಹಂಚಿಕೆ ಆಗಿದ್ರೆ ಇಬ್ಬರೂ 1150ರ ಆಸುಪಾಸು, ಕೋಟಾ ಕೈಗೆಟುಕೋ ದೂರ.

ಮದ್ದು ಗೊತ್ತಿಲ್ಲದ್ದೇನಲ್ಲ. ವಾರ್ಡ್ ಅರ್ಧ ಮಾಡಿ, ಈ ಬೀದಿಗಳಲ್ಲಿ ಇವರಿಗೆ 1, ಆ ಬೀದಿಗಳಲ್ಲಿ ಅವರಿಗೆ 1 ಅಂತ ಎರಡು ಥರ ಕರಪತ್ರ ಹಂಚ್ಬೇಕು. ಇಲ್ಲಾಂದ್ರೆ ಒಬ್ಬರನ್ನೇ ನಿಲ್ಲಿಸ್ಬೇಕು. ಹೇಳಿದ್ರೆ 'ಜನಕ್ಕೆ ಕನ್ಫ್ಯೂಸ್ ಆಗುತ್ತೆ' ಅಂತಾರೆ. ಈಗೇನಾಯ್ತು ಮತ್ತೆ?

ಹೋಗ್ಲಿ, ಯಾರಿಗೆ ಬೇಕು. ಮುಂದಿನದು 2027ರ ಮೇ ತಿಂಗಳಲ್ಲಿ, ಅಲ್ಲೀವರೆಗೆ ಬಾಯಿ ಮುಚ್ಕೊಂಡಿರೋದು. ಅಲ್ಲ, ಒಂದು ನಿಮಿಷ. ಆ ಕರಪತ್ರಕ್ಕೆ ಪ್ರೂಫ್ ನೋಡಿದ್ದು ಯಾರು? ಅದೊಂದಕ್ಕೆ ಯಾರಾದ್ರೂ ಉತ್ತರ ಕೊಡಿ.