ಪರಿಸರ ವಿಜ್ಞಾನ ಓದುವವರು ಜೊತೆಗೆ ಏನು ಓದುತ್ತೀರಿ ಅನ್ನುವುದೇ ಮುಖ್ಯ

ಪಿಯುಸಿ ಮುಗಿಸಿ ಪರಿಸರ ವಿಜ್ಞಾನದಲ್ಲಿ ಬಿಎಸ್ಸಿ ಮಾಡಬೇಕು ಅನ್ನುವ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಈ ಬರಹ. ಕಾಡು, ಕೆರೆ, ಹಕ್ಕಿ ಅಂದರೆ ಜೀವ ಬಿಡುವ ಮಕ್ಕಳ ಆಸೆಗೆ ತಣ್ಣೀರೆರಚುವ ಉದ್ದೇಶ ಖಂಡಿತ ಇಲ್ಲ. ಈ ನಾಡಿಗೆ ಅಂಥವರು ಇನ್ನೂ ಬೇಕು. ಆದರೆ ಪದವಿಯ ಹೆಸರು ನೋಡಿ ಸೀಟು ಹಿಡಿಯಬೇಡಿ. ಅದರ ಜೊತೆಗೆ ಬರುವ ಉಳಿದ ಎರಡು ವಿಷಯ ಯಾವುವು ಅಂತ ಮೊದಲು ನೋಡಿ.

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಿಂದಾಗಿ ಬಿಎ, ಬಿಕಾಂ, ಬಿಎಸ್ಸಿ ಎಲ್ಲರೂ ಓದುವ ಕಡ್ಡಾಯ ಪರಿಸರ ಅಧ್ಯಯನದ ಪೇಪರ್ ಬೇರೆ, ಪರಿಸರ ವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಓದುವುದು ಬೇರೆ. ಮೊದಲನೆಯದು ಸುಲಭ ಅಂತ ಎರಡನೆಯದೂ ಸುಲಭ ಅಂದುಕೊಂಡು ಬಂದವರು ಎರಡನೇ ಸೆಮಿಸ್ಟರ್‌ನಲ್ಲಿ ಒದ್ದಾಡುತ್ತಾರೆ.

ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಮೂರು ವಿಷಯದ ಕಾಂಬಿನೇಷನ್ ಬಂದಿದೆ. ಯಾವ ಕಾಂಬಿನೇಷನ್ ಸಿಗುತ್ತದೆ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗುತ್ತದೆ. ನನ್ನ ಪ್ರಕಾರ ಅದರಲ್ಲಿ ರಸಾಯನಶಾಸ್ತ್ರ ಇರಲೇಬೇಕು. ಮೂರನೆಯದು ಸಸ್ಯಶಾಸ್ತ್ರವೋ ಪ್ರಾಣಿಶಾಸ್ತ್ರವೋ ಭೂವಿಜ್ಞಾನವೋ ಆಗಲಿ.

ಭಾರತೀಯ ಅರಣ್ಯ ಸೇವೆಯ ಕನಸು ಹೊತ್ತು ಪರಿಸರ ವಿಜ್ಞಾನಕ್ಕೆ ಬರುವವರು ಬಹಳ. ಆ ಪರೀಕ್ಷೆ ಬರೆಯಲು ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಆಗಿರಬೇಕು. ಪರಿಸರ ವಿಜ್ಞಾನ ಈ ಪಟ್ಟಿಯಲ್ಲೇ ಇಲ್ಲ. ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲೂ ಇಲ್ಲ. ಮೂರು ವರ್ಷ ಓದಿ ಅರ್ಜಿ ತುಂಬುವ ದಿನ ಇದು ಗೊತ್ತಾದರೆ ಏನು ಗತಿ? ಕಾಂಬಿನೇಷನ್‌ನಲ್ಲಿ ಸಸ್ಯಶಾಸ್ತ್ರವೋ ರಸಾಯನಶಾಸ್ತ್ರವೋ ಇದ್ದುಬಿಟ್ಟರೆ ಈ ತೊಡಕು ಹುಟ್ಟುವುದೇ ಇಲ್ಲ. ಬೇರೆ ಹುದ್ದೆಗಳಿಗೂ ಅಷ್ಟೇ. ಹಳೆಯ ನೇಮಕಾತಿ ಅಧಿಸೂಚನೆಗಳನ್ನು ಈಗಲೇ ತೆಗೆದು, ವಿದ್ಯಾರ್ಹತೆಯ ಸಾಲನ್ನು ಅಕ್ಷರ ಬಿಡದೆ ಓದಿ.

ಕಾಡಿನ ಇಲಾಖೆಯೇ ಬೇಕು ಅನ್ನುವವರು ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳತ್ತ ನೋಡಿ. ನಾಲ್ಕು ವರ್ಷದ ಬಿಎಸ್ಸಿ ಅರಣ್ಯಶಾಸ್ತ್ರ, ಪ್ರವೇಶ ಸಿಇಟಿ ಮೂಲಕ. ವಲಯ ಅರಣ್ಯಾಧಿಕಾರಿ ನೇಮಕಾತಿಯಲ್ಲಿ ಈ ಪದವೀಧರರಿಗೆ ಪ್ರತ್ಯೇಕ ಪಾಲು ಇದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟವರಿಗೆ ಈ ದಾರಿ ಇಲ್ಲ.

ಕಾಲೇಜು ನೋಡಲು ಹೋದಾಗ ಲ್ಯಾಬ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಬಿಒಡಿ ಇನ್‌ಕ್ಯುಬೇಟರ್ ಇದೆಯಾ, ಚಾಲೂ ಇದೆಯಾ, 300 ಎಂಎಲ್ ಬಾಟಲಿಗಳು ಎಷ್ಟಿವೆ, ಟೈಟ್ರೇಷನ್ ಮಾಡುವುದು ವಿದ್ಯಾರ್ಥಿಗಳೋ ಅಥವಾ ಮೇಷ್ಟ್ರು ಮಾಡಿ ತೋರಿಸುತ್ತಾರೋ ವಿಚಾರಿಸಿ. ಕೊಳಚೆ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಅಳೆಯುವ ಪರೀಕ್ಷೆಯೇ ಬಿಒಡಿ. ಮಾದರಿಯನ್ನು 20 ಡಿಗ್ರಿಯಲ್ಲಿ ಐದು ದಿನ ಇಡುವುದು ಒಂದು ಪದ್ಧತಿ, ನಮ್ಮಲ್ಲಿ ರೂಢಿಯಲ್ಲಿರುವುದು 27 ಡಿಗ್ರಿಯಲ್ಲಿ ಮೂರು ದಿನ. ಕೆರೆ, ಹೊಳೆಗೆ ಬಿಡುವ ತ್ಯಾಜ್ಯನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ.

ಹೇಳುವಾಗ ಸಲೀಸು, ಮಾಡುವಾಗ ತಪ್ಪುವ ಜಾಗಗಳು ಬಹಳ. ಮಾದರಿಗೆ ಸಾಕಷ್ಟು ನೀರು ಬೆರೆಸಿ ತೆಳು ಮಾಡದಿದ್ದರೆ ಮೊದಲ ದಿನವೇ ಆಮ್ಲಜನಕ ಖಾಲಿಯಾಗುತ್ತದೆ, ಆಮೇಲೆ ಬರುವ ಅಂಕಿಗೆ ಅರ್ಥವಿಲ್ಲ. ಕೊನೆಗೆ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಉಳಿದಿರಬೇಕು, ಕನಿಷ್ಠ 2 ಮಿಲಿಗ್ರಾಂ ಖರ್ಚಾಗಿರಬೇಕು. ಬಾಟಲಿಯ ಕತ್ತಿನಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಲೆಕ್ಕ ಕೆಡುತ್ತದೆ. ಆಮ್ಲಜನಕವನ್ನು ಅಳೆಯುವುದು ಬಿಡುಗಡೆಯಾಗುವ ಅಯೋಡಿನ್ ಲೆಕ್ಕದಿಂದ. ನೀರಿನಲ್ಲಿ ನೈಟ್ರೈಟ್ ಇದ್ದು, ಅದನ್ನು ಇಲ್ಲವಾಗಿಸುವ ಅಜೈಡ್ ಹಾಕದಿದ್ದರೆ, ಆ ನೈಟ್ರೈಟ್ ತಾನೇ ಅಯೋಡೈಡ್‌ನಿಂದ ಅಯೋಡಿನ್ ಬಿಡಿಸಿ, ಇಲ್ಲದ ಆಮ್ಲಜನಕವನ್ನು ಇದೆ ಎಂದು ತೋರಿಸುತ್ತದೆ. ರಸಾಯನಶಾಸ್ತ್ರ ಬಿಡಬೇಡಿ ಅಂತ ಇಷ್ಟು ಒತ್ತಿ ಹೇಳುವುದು ಇದಕ್ಕೇ. ಲ್ಯಾಬ್ ಕೆಲಸದ ಸಂದರ್ಶನದಲ್ಲಿ ಕೇಳುವುದೂ ಇಂಥದ್ದನ್ನೇ.

ಕಾಂಬಿನೇಷನ್‌ನಲ್ಲಿ ಸಿಗದಿದ್ದರೂ ಸ್ವಂತವಾಗಿ ಕಲಿಯಬೇಕಾದವು ಎರಡು: ಸಂಖ್ಯಾಶಾಸ್ತ್ರ ಮತ್ತು ನಕ್ಷೆ ಮಾಡುವುದು. ಅಂಕಿಅಂಶಕ್ಕೆ ಆರ್, ನಕ್ಷೆಗೆ ಕ್ಯೂಜಿಐಎಸ್, ಈ ಎರಡೂ ಸಾಫ್ಟ್‌ವೇರ್ ಉಚಿತ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಮೂರನೇ ಸೆಮಿಸ್ಟರ್‌ನಿಂದ ಶುರುಮಾಡಿ, ನಿಮ್ಮ ತಾಲ್ಲೂಕಿನ ಕೆರೆಗಳ ಗಡಿ ಗುರುತಿಸಿ ವಿಸ್ತೀರ್ಣ ತೆಗೆಯಿರಿ. ಹೊಸಬರು ಎಡವುವುದು ಒಂದೇ ಕಡೆ. ಅಕ್ಷಾಂಶ ರೇಖಾಂಶದಲ್ಲಿರುವ ನಕ್ಷೆಯಲ್ಲೇ ನೇರವಾಗಿ ವಿಸ್ತೀರ್ಣ ಲೆಕ್ಕ ಹಾಕಿದರೆ ಉತ್ತರ ಡಿಗ್ರಿಯ ಲೆಕ್ಕದಲ್ಲಿ ಬರಬಹುದು, ಯಾವ ಕೆಲಸಕ್ಕೂ ಬಾರದು. ಮೊದಲು ಮೀಟರ್ ಲೆಕ್ಕದಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಗೆ ಬದಲಿಸಿಕೊಳ್ಳಿ. ಕರ್ನಾಟಕದ ಬಹುಭಾಗ ಅದರ 43ನೇ ವಲಯದಲ್ಲಿದೆ.

ಕಾನೂನನ್ನು ಪಠ್ಯಪುಸ್ತಕದ ಸಾರಾಂಶದಲ್ಲಿ ಓದಿ ಬಿಡಬೇಡಿ. 1974ರ ಜಲ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 2006ರ ಪರಿಸರ ಪರಿಣಾಮ ಅಧಿಸೂಚನೆ, ಈ ಮೂರರ ಮೂಲ ಪಠ್ಯ ಓದಿ. ಜೊತೆಗೆ ನಿಮ್ಮ ಜಿಲ್ಲೆಯ ಯಾವುದಾದರೂ ಗಣಿಯದ್ದೋ ಕಾರ್ಖಾನೆಯದ್ದೋ ಪರಿಸರ ಪರಿಣಾಮ ವರದಿ ಹುಡುಕಿ, ಸಸ್ಯ ಪ್ರಾಣಿಗಳ ಪಟ್ಟಿಯನ್ನು ನಿಮಗೆ ಗೊತ್ತಿರುವ ಜಾಗಕ್ಕೆ ಹೋಲಿಸಿ ನೋಡಿ. ತರಗತಿಯಲ್ಲಿ ಸಿಗದ ಪಾಠ ಅದು.

ಎಂಎಸ್ಸಿ ಲೆಕ್ಕಾಚಾರ ಎರಡನೇ ವರ್ಷದಲ್ಲೇ ಶುರುವಾಗಲಿ. ಮೈಸೂರಿನ ಮಾನಸಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗಗಳಿವೆ. ಎಂಟೆಕ್ ಮುಂತಾದವುಗಳ ಪ್ರವೇಶಕ್ಕೆ ನಡೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಬೇರೆ ಪೇಪರ್ ಇದೆ. ವನ್ಯಜೀವಿ ಅಧ್ಯಯನದ ಕಡೆ ಮನಸ್ಸಿದ್ದವರಿಗೆ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಎಂಎಸ್ಸಿ ಕೋರ್ಸ್ ಇದೆ. ಅದಕ್ಕೆ ಪ್ರತಿ ವರ್ಷ ಪ್ರವೇಶ ನಡೆಯುವುದಿಲ್ಲ, ಎರಡು ವರ್ಷಕ್ಕೊಮ್ಮೆ ತೆಗೆದುಕೊಳ್ಳುವುದು ವಾಡಿಕೆ. ನೀವು ಪದವಿ ಮುಗಿಸುವ ವರ್ಷಕ್ಕೂ ಅವರು ಅರ್ಜಿ ಕರೆಯುವ ವರ್ಷಕ್ಕೂ ಹೊಂದಿಕೆಯಾಗದಿದ್ದರೆ, ನಡುವಿನ ಒಂದು ವರ್ಷಕ್ಕೆ ಯಾವುದಾದರೂ ಸಂಶೋಧನಾ ಯೋಜನೆಯಲ್ಲಿ ಫೀಲ್ಡ್ ಅಸಿಸ್ಟೆಂಟ್ ಕೆಲಸವನ್ನು ಐದನೇ ಸೆಮಿಸ್ಟರ್ ಹೊತ್ತಿಗೇ ಕೇಳಿ ಇಟ್ಟುಕೊಳ್ಳಿ.